ಮುಳ್ಳು ತೋರಿಸಿದ್ದನ್ನೇ ಬರೆಯಲಿ

ಹತ್ತನೆಯ ತರಗತಿಯ ಪ್ರಯೋಗ ಪುಸ್ತಕಗಳನ್ನು ವರ್ಷಗಟ್ಟಲೆ ತಿದ್ದಿದ ನನಗೆ ಒಂದು ಸಂಗತಿ ಇಂದಿಗೂ ಸಮ್ಮತವಾಗಿಲ್ಲ. ರೋಧಕಗಳ ಸಮಾಂತರ ಜೋಡಣೆಯ ಪ್ರಯೋಗದಲ್ಲಿ ನಲವತ್ತು ಮಕ್ಕಳ ಪುಸ್ತಕಗಳಲ್ಲೂ ಒಂದೇ ಉತ್ತರ, ಅದೂ ಸೂತ್ರಕ್ಕೆ ಕೂದಲೆಳೆಯಷ್ಟೂ ತಪ್ಪದಂತೆ! ಶಾಲೆಯ ಹಳೆಯ ಮೀಟರುಗಳನ್ನು ಬಲ್ಲವರಾರೂ ಇದನ್ನು ನಂಬಲಾರರು. (ಅಮ್ಮೀಟರನ್ನು ನೇರವಾಗಿ ಕೋಶದ ಎರಡು ತುದಿಗಳಿಗೆ ಸಿಕ್ಕಿಸಿ ಅದನ್ನು ಕೆಡಿಸಿದ ಮಹನೀಯರೂ ನಿಮ್ಮಲ್ಲಿದ್ದಾರೆ; ಹೆಸರು ಹೇಳುವುದಿಲ್ಲ.)

1.5 ವೋಲ್ಟಿನ ಎರಡು ಶುಷ್ಕಕೋಶಗಳನ್ನು ಸರಣಿಯಲ್ಲಿಟ್ಟು, 5 ಓಮ್ ಮತ್ತು 10 ಓಮ್ ರೋಧಕಗಳನ್ನು ಸಮಾಂತರವಾಗಿ ಜೋಡಿಸಿದೆವೆನ್ನಿ. ಎರಡೂ ರೋಧಕಗಳ ವಿಭವಾಂತರ ಒಂದೇ. ಪ್ರವಾಹ ಮಾತ್ರ ಕವಲೊಡೆಯುತ್ತದೆ. ಜಾಣ ಹುಡುಗ ಮೀಟರಿನತ್ತ ನೋಡದೆಯೇ 0.6, 0.3, ಒಟ್ಟು 0.9 ಆಂಪಿಯರ್ ಎಂದು ಬರೆದುಬಿಡುತ್ತಾನೆ. ಆದರೆ ಕೋಶಗಳ ಒಳಗೂ ರೋಧವುಂಟು. ಅದು ಒಟ್ಟು 1 ಓಮ್ ಎಂದಿಟ್ಟುಕೊಂಡರೆ, 5 ಓಮ್ ಒಂದೇ ಇದ್ದಾಗ ವೋಲ್ಟ್ ಮೀಟರ್ 2.5 ತೋರಿಸುತ್ತದೆ, 10 ಓಮನ್ನೂ ಸೇರಿಸಿದೊಡನೆ ಸುಮಾರು 2.3ಕ್ಕೆ ಇಳಿಯುತ್ತದೆ. ಕವಲುಗಳಲ್ಲಿ 0.46 ಮತ್ತು 0.23, ಮುಖ್ಯ ತಂತಿಯಲ್ಲಿ 0.69 ಆಂಪಿಯರ್. 1845ರಲ್ಲಿ ಕಿರ್ಕಾಫ್ ಹೇಳಿದ ನಿಯಮಕ್ಕೆ ಎಳ್ಳಷ್ಟೂ ಚ್ಯುತಿಯಿಲ್ಲ. ಇಳಿದದ್ದು ಕೋಶದ ತುದಿಗಳ ನಡುವಿನ ವಿಭವಾಂತರ.

ಮುಳ್ಳು ಹೀಗೆ ಇಳಿದುದನ್ನು ಕಂಡ ಮಗು ತನ್ನ ಜೋಡಣೆಯೇ ತಪ್ಪೆಂದು ಹೆದರುತ್ತದೆ, 2.3 ಅನ್ನು ಅಳಿಸಿ 3 ಎಂದು ತಿದ್ದುತ್ತದೆ. ಅದರ ಮೇಲೆ ಕೆಂಪು ಶಾಯಿಯ ‘ಗುಡ್’ ಬೀಳುತ್ತದೆ. ಕಣ್ಣಾರೆ ಕಂಡದ್ದನ್ನು ಅಳಿಸಿದವನಿಗೆ ಪೂರ್ಣಾಂಕ, ಕಂಡದ್ದನ್ನು ಬರೆದವನಿಗೆ ಅರ್ಧ! ವಿಜ್ಞಾನದ ಹೆಸರಿನಲ್ಲಿ ನಾವು ಕಲಿಸುವ ಮೊದಲ ಸುಳ್ಳು ಇದೆಂದು ನಾನು ಖಂಡಿತವಾಗಿ ಹೇಳಬಲ್ಲೆ.

ನಮ್ಮ ಹಳ್ಳಿಯ ಮಕ್ಕಳಿಗೆ ಈ ಇಳಿತ ಹೊಸದೂ ಅಲ್ಲ. ಬಾವಿಯ ಮೋಟರ್ ಚಾಲೂ ಆದೊಡನೆ ಮನೆಯ ಬಲ್ಬು ಮಂಕಾಗುವುದನ್ನು ಅವರು ನಿತ್ಯ ನೋಡುತ್ತಾರೆ. ಮನೆಯ ಉಪಕರಣಗಳೆಲ್ಲ ಸಮಾಂತರದಲ್ಲಿವೆ, ಎಲ್ಲಕ್ಕೂ ಒಂದೇ ವಿಭವಾಂತರ ಎಂದು ಪುಸ್ತಕ ಹೇಳುವಾಗ, ‘ಹಾಗಾದರೆ ಬಲ್ಬೇಕೆ ಮಂಕಾಯಿತು ಸಾರ್?’ ಎಂದು ಕೇಳಬೇಕಾದ ಮಗು ಸುಮ್ಮನೆ ಕುಳಿತಿರುತ್ತದೆ. ಕೋಶದ ಒಳಗಿನ ರೋಧ ಇಲ್ಲಿ ಮಾಡಿದ ಕೆಲಸವನ್ನೇ ಅಲ್ಲಿ ದೂರದಿಂದ ಬರುವ ಸರಬರಾಜು ತಂತಿಯ ರೋಧ ಮಾಡುತ್ತದೆ. ಪ್ರವಾಹ ಹೆಚ್ಚಿದಷ್ಟೂ ದಾರಿಯಲ್ಲೇ ಹೆಚ್ಚು ವೋಲ್ಟ್ ಖರ್ಚಾಗುತ್ತದೆ.

ಪಾಠ ಮುಗಿಸಲು ಸಮಯವಿಲ್ಲ, ಆಂತರಿಕ ರೋಧ ಆ ತರಗತಿಗೆ ಹೆಚ್ಚಾಯಿತು ಎಂಬ ವಾದವನ್ನು ನಾನು ಬಲ್ಲೆ. ಸೂತ್ರ ಬೇಡ, ಸಂಖ್ಯೆಯನ್ನಾದರೂ ಉಳಿಸಿ ಎನ್ನುವುದಷ್ಟೇ ನನ್ನ ಕೋರಿಕೆ. ನಿಮ್ಮಲ್ಲಿ ಅಧ್ಯಾಪಕರಾಗಿರುವವರು ಕೋಷ್ಟಕದಲ್ಲಿ ಒಂದು ಕಲಂ ಹೆಚ್ಚಿಗೆ ಹಾಕಿಸಿ: ಎರಡನೆಯ ರೋಧಕ ಸೇರಿಸುವ ಮುನ್ನ ವಿಭವಾಂತರ ಎಷ್ಟು, ಸೇರಿಸಿದ ಮೇಲೆ ಎಷ್ಟು. ಹೊಸ ಕೋಶದಲ್ಲೊಮ್ಮೆ, ಟಾರ್ಚಿನಿಂದ ತೆಗೆದ ಹಳೆಯ ಕೋಶದಲ್ಲೊಮ್ಮೆ ಮಾಡಿಸಿ. ಹಳೆಯದರಲ್ಲಿ ಮುಳ್ಳು ಇನ್ನೂ ಕೆಳಗಿಳಿಯುತ್ತದೆ; ಏಕೆಂದು ಮಕ್ಕಳೇ ಕೇಳುತ್ತಾರೆ.