ಒಂದೇ ಕ್ರಾಸಿನ ಮೂರು ಜ್ವರ

ಮಳೆಗಾಲ ಬಂತೆಂದರೆ ಬೆಂಗಳೂರಿನ ಬಸವೇಶ್ವರನಗರದಲ್ಲೋ ವಿಜಯನಗರದಲ್ಲೋ ಒಂದೇ ಕ್ರಾಸಿನ ಮೂರು ಮನೆಗೆ ಡೆಂಗಿ ಬಂದ ಸುದ್ದಿ ಹಬ್ಬುತ್ತದೆ. ಬೆನ್ನಿಗೇ ತೀರ್ಮಾನವೂ ಬರುತ್ತದೆ: ಇಲ್ಲೇ ಏನೋ ಇದೆ. ಪಂಕ್ಚರ್ ಅಂಗಡಿಯ ಟೈರಿನ ಮೇಲೆ, ಎಳನೀರು ಮಾರುವವನ ಬುರುಡೆಗಳ ಮೇಲೆ ಎಲ್ಲರ ಕಣ್ಣು. ಅನುಮಾನ ಅಸಂಬದ್ಧವಲ್ಲ, ಅಲ್ಲಿ ನಿಂತ ಮಳೆನೀರಿನಲ್ಲಿ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ನಿಜ. ಆದರೆ ಮೂರು ಜ್ವರಗಳಷ್ಟೇ ಅದಕ್ಕೆ ಸಾಕ್ಷಿಯಾಗುತ್ತವೆ ಎಂಬುದನ್ನು ಒಪ್ಪಲು ನನಗೆ ಕಷ್ಟ.

ಆಕಸ್ಮಿಕವಾಗಿ ನಡೆಯುವುದೆಲ್ಲ ಸಮನಾಗಿ ಹರಡಿರುತ್ತದೆ ಎಂದು ನಾವು ನಮಗರಿವಿಲ್ಲದೆಯೇ ನಂಬಿರುತ್ತೇವೆ. ಎರಡನೇ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಹಾರುಬಾಂಬುಗಳು ಬಿದ್ದಾಗಲೂ, ಅವು ಕೆಲವು ಜಾಗಗಳಲ್ಲೇ ಗುಂಪಾಗಿ ಬೀಳುತ್ತಿವೆ ಎಂಬ ಮಾತಿತ್ತು. ವಿಮಾ ಗಣಿತಜ್ಞ ಆರ್.ಡಿ. ಕ್ಲಾರ್ಕ್ ದಕ್ಷಿಣ ಲಂಡನ್ನನ್ನು 576 ಸಮಚೌಕಗಳಾಗಿ ಭಾಗಿಸಿ, ಅಲ್ಲಿ ಬಿದ್ದ 537 ಬಾಂಬುಗಳನ್ನು ಎಣಿಸಿ 1946ರಲ್ಲಿ ಲೆಕ್ಕ ಪ್ರಕಟಿಸಿದರು. 229 ಚೌಕಗಳಲ್ಲಿ ಒಂದೂ ಬಿದ್ದಿರಲಿಲ್ಲ. 43ರಲ್ಲಿ ಮೂರು ಅಥವಾ ಹೆಚ್ಚು ಬಿದ್ದಿದ್ದವು. ಗುರಿಯಿಲ್ಲದೆ ಬಿದ್ದಿದ್ದರೆ ಎಷ್ಟಾಗಬೇಕಿತ್ತು? ಸುಮಾರು 227 ಮತ್ತು 39. ಅದೇ ಗಣಿತದ ಪ್ರಕಾರ ಸಾವಿರ ಕ್ರಾಸುಗಳಿಗೆ ಸಾವಿರ ಜ್ವರಗಳು ಬರೀ ಆಕಸ್ಮಿಕವಾಗಿ ಹಂಚಿಹೋದರೂ ಸುಮಾರು 80 ಕ್ರಾಸುಗಳಲ್ಲಿ ಮೂರು ಅಥವಾ ಹೆಚ್ಚು ಕಾಣುತ್ತವೆ. ಸುದ್ದಿಯಾಗುವುದು ಆ ಎಂಬತ್ತೇ.

ಡೆಂಗಿ ಬಾಂಬಲ್ಲ, ಸೊಳ್ಳೆ ಮನೆಯಿಂದ ಮನೆಗೆ ಹೋಗುತ್ತದೆ ಎಂದು ನೀವು ಹೇಳಬಹುದು. ಸರಿಯೇ. ಹಾಗಾದರೆ ನಕ್ಷೆಯ ಮೇಲೆ ಕೆಂಪು ಚುಕ್ಕೆ ಇಟ್ಟು ನೋಡಿದರೆ ಸಾಲದೇ? ರಾಜಾಜಿನಗರದ ಬ್ಲಾಕುಗಳಲ್ಲಿ ಚುಕ್ಕೆ ದಟ್ಟವಾಗಿ, ಕೆಂಗೇರಿಯ ಅಂಚಿನಲ್ಲಿ ವಿರಳವಾಗಿ ಕಂಡೀತು. ಆದರೆ ಜನಸಂಖ್ಯೆಯ ನಕ್ಷೆಯೂ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ವಾರ್ಡುವಾರು ‘ಹಾಟ್‌ಸ್ಪಾಟ್’ ಪಟ್ಟಿಯನ್ನೂ ನಾನು ಎಚ್ಚರದಿಂದಲೇ ಓದುತ್ತೇನೆ. 198 ವಾರ್ಡುಗಳಿದ್ದಾಗ ಒಂದೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ, ನೂರಕ್ಕೆ ಐದು ತಪ್ಪಿಗೆ ಅವಕಾಶವಿಟ್ಟಿದ್ದರೆ, ವಿಶೇಷವೇನೂ ಇಲ್ಲದೆಯೂ ಸುಮಾರು ಹತ್ತು ವಾರ್ಡುಗಳು ಪಟ್ಟಿ ಸೇರುತ್ತಿದ್ದವು. ಆಮೇಲೆ ವಾರ್ಡುಗಳನ್ನೇ ಮರುವಿಂಗಡಿಸಿದರು. ಗೆರೆ ಸರಿದಾಗ ಸೊಳ್ಳೆ ಸರಿಯಲಿಲ್ಲ, ಹಾಟ್‌ಸ್ಪಾಟ್ ಮಾತ್ರ ಸರಿಯಬಲ್ಲದು.

ಕಾಲವನ್ನೂ ಜಾಗವನ್ನೂ ಬೇರೆಬೇರೆ ನೋಡುವುದರಲ್ಲೇ ತೊಡಕಿದೆ. ಜುಲೈನಲ್ಲಿ ಜ್ವರ ಹೆಚ್ಚು ಎಂದರೆ ಅದು ಮಳೆಯ ಮಾತು; ಒತ್ತೊತ್ತಾದ ಬೀದಿಯಲ್ಲಿ ಹೆಚ್ಚು ಎಂದರೆ ಜನಸಂದಣಿಯ ಮಾತು. ಸೋಂಕು ಹರಡಿದೆ ಎನ್ನಲು, ಹತ್ತಿರದ ಮನೆಗಳಿಗೆ ಹತ್ತಿರದ ದಿನಗಳಲ್ಲೇ ಜ್ವರ ಬಂದಿರಬೇಕು, ಅದೂ ಆಕಸ್ಮಿಕ ಕೊಡಬಹುದಾದುದಕ್ಕಿಂತ ಹೆಚ್ಚಾಗಿ. 1964ರಲ್ಲಿ ಜಾರ್ಜ್ ನಾಕ್ಸ್ ಇಂಗ್ಲೆಂಡಿನ ಮಕ್ಕಳ ರಕ್ತಕ್ಯಾನ್ಸರಿಗೆ ಬಳಸಿದ ಪರೀಕ್ಷೆ ಇದೇ: ರೋಗಿಗಳ ಎಲ್ಲ ಜೋಡಿಗಳನ್ನೂ ತೆಗೆದುಕೊಂಡು, ಜಾಗದಲ್ಲೂ ದಿನದಲ್ಲೂ ಹತ್ತಿರವಿರುವವು ಎಷ್ಟು ಎಂದು ಎಣಿಸುವುದು. ಇಂದು ಕಂಪ್ಯೂಟರಿನಲ್ಲಿ ವಿಳಾಸಗಳನ್ನು ಹಾಗೇ ಬಿಟ್ಟು, ದಿನಾಂಕಗಳನ್ನಷ್ಟೇ ಸಾವಿರ ಬಾರಿ ಅದಲುಬದಲು ಮಾಡಬಹುದು. ನಿಜವಾದ ಎಣಿಕೆ ಆ ಸಾವಿರದಲ್ಲಿ ಬಹುಪಾಲನ್ನು ಮೀರಿದರೆ, ಆಗ ‘ಇಲ್ಲೇ ಏನೋ ಇದೆ’ ಎಂಬ ಮಾತಿಗೆ ತೂಕ ಬರುತ್ತದೆ. ಈ ಪರೀಕ್ಷೆ ಎಳನೀರಿನವನಿಗೂ ನ್ಯಾಯ ಕೊಡುತ್ತದೆ, ಗಲಾಟೆ ಮಾಡಲು ಬಾರದ ಬೀದಿಗೂ ಕೊಡುತ್ತದೆ. ಫಾಗಿಂಗ್ ಯಂತ್ರ ಕೂಗು ಜೋರಾದ ಕಡೆಗೇ ಹೋಗಬೇಕಿಲ್ಲ.

ಹಾಗಂತ ಪರೀಕ್ಷೆ ಹೇಳಿದ್ದೇ ವೇದವಾಕ್ಯವೂ ಅಲ್ಲ. ವಿನ್ಯಾಸ ಕಾಣಲಿಲ್ಲ ಎಂದರೆ ವಿನ್ಯಾಸವೇ ಇಲ್ಲ ಎಂದಲ್ಲ. ಪ್ರಕರಣಗಳು ಕಡಿಮೆಯಿದ್ದರೆ ಇರುವುದೂ ಕಾಣದು. ಈಡಿಸ್ ಕಚ್ಚುವುದು ಹೆಚ್ಚಾಗಿ ಹಗಲಲ್ಲಿ, ಆದರೆ ದಾಖಲಾಗುವುದು ಮನೆಯ ವಿಳಾಸ. ಕೆಂಗೇರಿಯಿಂದ ಬೆಳಿಗ್ಗೆ ಮೆಟ್ರೊ ಹತ್ತಿ ವಿಜಯನಗರದ ಅಂಗಡಿಯಲ್ಲಿ ದಿನ ಕಳೆಯುವವಳಿಗೆ ಸೊಳ್ಳೆ ಕಚ್ಚಿದ್ದು ವಿಜಯನಗರದಲ್ಲೇ ಇರಬಹುದು. ನಕ್ಷೆಯಲ್ಲಿ ಚುಕ್ಕೆ ಬೀಳುವುದು ಕೆಂಗೇರಿಯಲ್ಲಿ, ದೂಷಣೆ ಅಲ್ಲಿ ಕೊಳಚೆ ಹೊತ್ತು ಹರಿಯುವ ವೃಷಭಾವತಿ ನದಿಗೆ. ಈ ಸೊಳ್ಳೆ ಹೆಚ್ಚಾಗಿ ಬಯಸುವುದಾದರೋ ಕೊಳಚೆಯನ್ನಲ್ಲ, ನಲ್ಲಿಯಲ್ಲಿ ಕಾವೇರಿ ನೀರು ಬರದ ದಿನಕ್ಕೆಂದು ಡ್ರಮ್ಮಿನಲ್ಲಿ ತುಂಬಿಟ್ಟ ತಿಳಿನೀರನ್ನು.

ಡ್ರಮ್ ಮುಚ್ಚಲು, ಸಂಪಿನ ಮುಚ್ಚಳದ ಸಂದು ಬಿಗಿಮಾಡಲು ಯಾವ ಪರೀಕ್ಷೆಗೂ ಕಾಯಬೇಕಿಲ್ಲ. ಆದರೆ ಕಾರಣ ಹುಡುಕುವುದೇ ಆದರೆ, ಮನೆಗೆ ಬರುವ ಆರೋಗ್ಯ ಕಾರ್ಯಕರ್ತೆಯ ನಮೂನೆಯಲ್ಲಿ ಎರಡು ವಿಷಯ ಇರಲೇಬೇಕು: ಲ್ಯಾಬ್ ವರದಿಯ ದಿನಾಂಕವಲ್ಲ, ಜ್ವರ ಶುರುವಾದ ದಿನ, ಮತ್ತು ರೋಗಿ ಅದಕ್ಕೆ ಹಿಂದಿನ ಎರಡು ವಾರ ಹಗಲು ಎಲ್ಲಿ ಕಳೆದರು ಎಂಬುದು.