ಒಂದು ವೃತ್ತದ ವೃತ್ತಾಂತ

ಕಳೆದ ಬೇಸಗೆಯಲ್ಲಿ ಮಿಯಾಪುರದ ನಮ್ಮ ವಸತಿ ಸಂಘದ ಕಾರ್ಯದರ್ಶಿತ್ವ, ಬೇಡವೆಂದರೂ ಕೇಳದೆ, ನಮ್ಮ ಕೊರಳಿಗೆ ಬಿತ್ತು. ಸರ್ಕಾರಿ ಕಚೇರಿಯ ಗುಮಾಸ್ತರು, ಮೇಲೆ ಬಿ.ಎ.; ಕಾಗದ ಪತ್ರ ಬರೆಯಲು ಇವರಿಗಿಂತ ಬೇರೆ ಯಾರು ಬೇಕೆಂದು ಸಭೆಯ ತೀರ್ಮಾನ.

ಮೊದಲು ಬಂದ ಕಾಗದವೇ ತಕರಾರಿನದು. ನಮ್ಮ ಬೋರಿಗೆ ಸುಮಾರು ನಾನೂರು ಅಡಿ ಉತ್ತರದಲ್ಲಿರುವ ತೆಲುಗು ಹಿರಿಯರೊಬ್ಬರು, ನೀವು ಮೋಟರು ಹಾಕಿದರೆ ನಮ್ಮ ಬೋರು ಗಾಳಿ ಉಗುಳುತ್ತದೆ ಎಂದು ಬರೆದಿದ್ದರು. ನಮಗೆ ನಗು ಬಂತು. ಪೂರ್ವಕ್ಕೆ ಬರೀ ನೂರು ಅಡಿಯಲ್ಲಿರುವ ಬೋರಿಗೆ ಏನೂ ಆಗಿಲ್ಲ. ನಾನೂರು ಅಡಿಯಾಚೆಯದು ಒಣಗುವುದುಂಟೆ? ನಕ್ಷೆಯ ಮೇಲೆ ಕೈವಾರದಿಂದ ಒಂದು ವೃತ್ತವೆಳೆದು, "ತಮ್ಮ ದೂರು ನಿರಾಧಾರ" ಎಂದು ಕಚೇರಿಯ ಧಾಟಿಯಲ್ಲೇ ಉತ್ತರ ಕಳಿಸಿಬಿಟ್ಟೆವು.

"ಹೋಗಿ ನೋಡಿದಿರಾ?" ಎಂದರು ನಮ್ಮ ಮನೆಯವರು. ನೋಡಿರಲಿಲ್ಲ.

ಒಂದು ಭಾನುವಾರ ಎರಡೂ ಬೋರುಗಳಿಗೆ ತೂಕ ಕಟ್ಟಿದ ದಾರ ಇಳಿಬಿಟ್ಟು ಅಳೆದು, ನಮ್ಮ ಮೋಟರನ್ನು ನಾಲ್ಕು ಗಂಟೆ ಓಡಿಸಿ, ಮತ್ತೆ ಅಳೆದೆವು. ಪೂರ್ವದ ನೀರು ಕದಲಲಿಲ್ಲ. ಉತ್ತರದ್ದು ಹನ್ನೊಂದು ಅಡಿ ಇಳಿದಿತ್ತು. ಹಿರಿಯರು ಏನೂ ಅನ್ನಲಿಲ್ಲ, ಕಾಫಿ ತರಿಸಿದರು. ಅದೇ ಹೆಚ್ಚು ಚುಚ್ಚಿತು.

ತಪ್ಪು ಆ ವೃತ್ತದ್ದು. ಒಂದೇ ಸಮನಾದ ಮರಳಿನಲ್ಲಾದರೆ ಬಾವಿಗೆ ನೀರು ಸುತ್ತಲಿಂದಲೂ ಸಮವಾಗಿ ಬರುತ್ತದೆ, ವೃತ್ತ ಸರಿಹೋಗುತ್ತದೆ. ಹೈದರಾಬಾದಿನ ಅಡಿಯಲ್ಲಿರುವುದೋ ಸುಮಾರು 250 ಕೋಟಿ ವರ್ಷದ ಗ್ರಾನೈಟು. ಅದರಲ್ಲಿ ನೀರಿಗೆ ಬಿರುಕುಗಳೇ ಗಲ್ಲಿಗಳು. ಗಲ್ಲಿ ಹೋದ ಕಡೆಗೇ ನೀರೂ ಹೋಗಬೇಕು. ಎಲ್ಲ ಗಲ್ಲಿಗಳೂ ಸಮವಲ್ಲ. ಬಿರುಕಿನ ಅಗಲ ಎರಡರಷ್ಟಾದರೆ ಹರಿವು ಎಂಟರಷ್ಟಾಗುತ್ತದೆಂದು ಲೆಕ್ಕ. ನೂರು ಸಣ್ಣ ಬಿರುಕುಗಳು ಸಾಗಿಸುವುದಕ್ಕಿಂತ ಐದರಷ್ಟು ಅಗಲದ ಒಂದೇ ಬಿರುಕು ಹೆಚ್ಚು ಸಾಗಿಸುತ್ತದೆ! ಕೋಲಾರ, ತುಮಕೂರುಗಳಿಂದ ಬಂದ ನಮ್ಮ ಓದುಗರಿಗೆ ಗಟ್ಟಿ ಕಲ್ಲಿನ ಈ ಚೇಷ್ಟೆ ಅನುಭವದಲ್ಲೇ ಇರಬೇಕು.

ನಗರದ ದಕ್ಷಿಣಕ್ಕಿರುವ ಮಹೇಶ್ವರಂನಲ್ಲಿ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರೂ ಫ್ರೆಂಚ್ ವಿಜ್ಞಾನಿಗಳೂ ಕೂಡಿ ಬೋರುಗಳನ್ನು ಹೀಗೆಯೇ, ಆದರೆ ನಮ್ಮ ದಾರಕ್ಕಿಂತ ನಾಜೂಕಾಗಿ, ಪರೀಕ್ಷಿಸಿದರು. 2004ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ, ಅಲ್ಲಿಯ ಬಿರುಕು ಪದರದಲ್ಲಿ ನೀರು ಸಾಗಿಸುವ ಮಲಗಿದ ಬಿರುಕು ಸರಾಸರಿ ನಾಲ್ಕು ಮೀಟರಿಗೊಂದು. ಆ ಪದರ ನೀರನ್ನು ಮೇಲಿನಿಂದ ಕೆಳಕ್ಕೆ ಬಿಡುವುದಕ್ಕಿಂತ ಹತ್ತು ಪಟ್ಟು ಸಲೀಸಾಗಿ ಅಡ್ಡಕ್ಕೆ ಬಿಡುತ್ತದೆ. ನಿಂತ ಬಿರುಕುಗಳು ಒಂದೇ ದಿಕ್ಕಿಗೆ ಸಾಲಾಗಿದ್ದರೆ ಅಡ್ಡ ಹರಿವಿನಲ್ಲೂ ಇಂಥ ಪಕ್ಷಪಾತ ತಪ್ಪದು. ಆದ್ದರಿಂದ ಲೆಕ್ಕ ಹಾಕುವವರು ಒಂದೊಂದು ದಿಕ್ಕಿಗೆ ಒಂದೊಂದು ಅಂಕಿ ಇಡುತ್ತಾರೆ. ವೃತ್ತ ಹೋಗಿ ಮೊಟ್ಟೆಯಾಕಾರ ಬರುತ್ತದೆ. ನಮ್ಮ ಮೊಟ್ಟೆಯ ಉದ್ದನೆಯ ತುದಿಯಲ್ಲಿ ಆ ಹಿರಿಯರ ಮನೆ.

ಈಗ ಬೆಳಗ್ಗೆ ಎಂಟರವರೆಗೆ ಅವರ ಮೋಟರು, ಆಮೇಲೆ ನಮ್ಮದು. "ನಿರಾಧಾರ"ದ ಕಾಗದವನ್ನು ಹಿಂದಕ್ಕೆ ಕೊಡಿರೆಂದು ಕೇಳಿದೆವು. ಫೈಲಿನಲ್ಲಿರಲಿ ಬಿಡಿ ಎಂದರು.