ಸೂಜಿಗೆ ಸಲ್ಲುವ ಮನ್ನಣೆ

ಹೊಸದೊಂದು ವೈದ್ಯಪದ್ಧತಿ ಊರಿಗೆ ಬಂದಾಗ ಜನ ಎರಡು ಪಂಗಡವಾಗುವುದು ಲೋಕರೂಢಿ. ಒಂದು ಪಂಗಡಕ್ಕೆ ಅದು ಸಂಜೀವಿನಿ. ಇನ್ನೊಂದಕ್ಕೆ ಬರಿಯ ಬೂಟಾಟಿಕೆ. ಚೀನಾ ದೇಶದ ಸೂಜಿ ಚಿಕಿತ್ಸೆಗೆ, ಎಂದರೆ ಅಕ್ಯುಪಂಕ್ಚರಿಗೆ, ನಮ್ಮಲ್ಲಿ ಒದಗಿರುವ ಸ್ಥಿತಿಯೂ ಇದೇ. ಪೇಟೆಯ ಬೀದಿಗಳಲ್ಲಿ ಅದರ ಫಲಕಗಳು ಕಾಣಸಿಗುತ್ತವೆ. ಮಂಡಿನೋವು, ಸೊಂಟನೋವು ಎಂದು ಮೊದಲಾಗುವ ಪಟ್ಟಿ ಸಕ್ಕರೆ ಕಾಯಿಲೆ, ಉಬ್ಬಸ, ಬಂಜೆತನ, ಬೊಜ್ಜು ಎಲ್ಲವನ್ನೂ ದಾಟಿ, ಫಲಕದಲ್ಲಿ ಜಾಗ ಸಾಲದಾದಾಗ ಮಾತ್ರ ನಿಲ್ಲುತ್ತದೆ. ಅದನ್ನು ಓದಿ ನಕ್ಕು ಮುಂದೆ ಹೋದವರನ್ನು ಕಂಡಿದ್ದೇನೆ. ಓದಿ ಒಳಹೊಕ್ಕು, ಡಾಕ್ಟರು ಬರೆದುಕೊಟ್ಟ ಮಾತ್ರೆಗಳನ್ನೇ ಬಿಟ್ಟುಬಿಟ್ಟವರನ್ನೂ ಬಲ್ಲೆ. ಇಬ್ಬರೂ ಅವಸರಪಟ್ಟರೆಂಬುದು ನನ್ನ ಅಭಿಪ್ರಾಯ. ನಾನು ವೈದ್ಯನಲ್ಲ. ಆದರೆ ರೋಗಿಯಾಗುವ ಹಕ್ಕು ಎಲ್ಲರಿಗೂ ಸಮಾನವಾಗಿ ದತ್ತವಾಗಿರುವುದರಿಂದ, ತನ್ನ ಮೈಗೆ ಚುಚ್ಚುವ ಸೂಜಿಯ ಗುಣಾವಗುಣಗಳನ್ನು ವಿಚಾರಿಸುವ ಅಧಿಕಾರ ಯಾರಿಗಾದರೂ ಉಂಟೆಂದು ಭಾವಿಸಿದ್ದೇನೆ.

ಈ ಚಿಕಿತ್ಸೆಯ ಪರವಾಗಿ ಮೊದಲು ಕೇಳಿಬರುವ ಸಾಕ್ಷ್ಯ ಅದರ ವಯಸ್ಸು. ಐದು ಸಾವಿರ ವರ್ಷಗಳ ವಿದ್ಯೆ ಎನ್ನುತ್ತಾರೆ. 1973ರಲ್ಲಿ ಚೀನಾದ ಮವಾಂಗ್‌ದುಯಿ ಎಂಬಲ್ಲಿ ಕ್ರಿ.ಪೂ. 168ರಲ್ಲಿ ಮುಚ್ಚಿದ ಸಮಾಧಿಯೊಂದನ್ನು ಅಗೆದಾಗ, ರೇಷ್ಮೆಯ ಮೇಲೆ ಬರೆದ ವೈದ್ಯಗ್ರಂಥಗಳು ದೊರೆತವು. ಅವುಗಳಲ್ಲಿ ದೇಹದ ಹನ್ನೊಂದು ನಾಡಿಗಳ ವರ್ಣನೆಯಿದೆ; ಆ ನಾಡಿಗಳಿಗೆ ಶಾಖ ಕೊಡುವ, ಸುಡುವ ಕ್ರಮವಿದೆ; ಸೂಜಿ ಚುಚ್ಚುವ ಮಾತು ಮಾತ್ರ ಇಲ್ಲ. ಸೂಜಿಯ ಶಾಸ್ತ್ರ ವಿಸ್ತಾರವಾಗಿ ಕಾಣಿಸಿಕೊಳ್ಳುವುದು ಪೀತ ಚಕ್ರವರ್ತಿಯ ಹೆಸರಿನಲ್ಲಿ ಪ್ರಸಿದ್ಧವಾದ ‘ಹ್ವಾಂಗ್‌ಡಿ ನೈಜಿಂಗ್’ ಎಂಬ ಸಂಕಲನದಲ್ಲಿ. ಆದ್ದರಿಂದ ಸುಮಾರು ಎರಡು ಸಾವಿರ ವರ್ಷ ಎನ್ನುವುದು ನ್ಯಾಯವಾದ ಲೆಕ್ಕ. ಅದೇನೂ ಅಲ್ಪ ವಯಸ್ಸಲ್ಲ. ಆದರೆ ನಮ್ಮ ಹಳ್ಳಿಗಳಲ್ಲಿ ಕಾಮಾಲೆಗೆ ಬರೆ ಹಾಕಿಸುವ ರೂಢಿಯೂ ಹಳೆಯದೇ. ಅದು ಹಳೆಯದೆಂದು ಮಕ್ಕಳ ಮೈಯನ್ನು ಸುಡಲು ಒಪ್ಪುತ್ತೇವೆಯೆ? ವಯಸ್ಸು ಗೌರವವನ್ನು ಬೇಡಬಹುದು. ಪ್ರಮಾಣದ ಸ್ಥಾನವನ್ನು ಬೇಡಲಾಗದು.

ಶಾಸ್ತ್ರವೇನೋ ಸೊಗಸಾದದ್ದು. ದೇಹದಲ್ಲಿ ‘ಚೀ’ ಎಂಬ ಪ್ರಾಣಶಕ್ತಿ ಹನ್ನೆರಡು ಮುಖ್ಯ ಹಾದಿಗಳಲ್ಲಿ ಹರಿಯುತ್ತದೆ. ಹರಿವಿಗೆ ಅಡ್ಡಿಯಾದರೆ ರೋಗ. ಗೊತ್ತಾದ ಬಿಂದುವಿನಲ್ಲಿ ಕೂದಲೆಳೆಯಂಥ ಸೂಜಿಯನ್ನಿಟ್ಟರೆ ಹರಿವು ಮತ್ತೆ ಸರಿಹೋಗುತ್ತದೆ. ಇಂಥ ಬಿಂದುಗಳು ಈಗಿನ ಎಣಿಕೆಯಂತೆ 361. ಹನ್ನೊಂದನೆಯ ಶತಮಾನದಲ್ಲಿ ವಾಂಗ್ ವೈಯಿ ಎಂಬ ವೈದ್ಯ ಆಳೆತ್ತರದ ಕಂಚಿನ ಪುರುಷಪ್ರತಿಮೆಗಳನ್ನು ಎರಕ ಹೊಯ್ಯಿಸಿದ. ಅವುಗಳ ಮೈಮೇಲೆ ಬಿಂದುಗಳಿದ್ದಲ್ಲೆಲ್ಲ ರಂಧ್ರ. ಪರೀಕ್ಷೆಯ ದಿನ ಮೇಣ ಬಳಿದು, ಒಳಗೆ ನೀರು ತುಂಬಿ ನಿಲ್ಲಿಸುತ್ತಿದ್ದರಂತೆ. ವಿದ್ಯಾರ್ಥಿ ಚುಚ್ಚಿದೆಡೆ ನೀರು ಜಿನುಗಿದರೆ ತೇರ್ಗಡೆ! ಇಷ್ಟು ಕಟ್ಟುನಿಟ್ಟಾಗಿ ಕಲಿಸಿದ ವಿದ್ಯೆಯನ್ನು ಸಂತೆಯ ಗಾರುಡಿಗರ ಆಟದೊಡನೆ ಸೇರಿಸುವುದು ಸಲ್ಲದು. ಆದರೂ ಶವಪರೀಕ್ಷೆಯಲ್ಲಾಗಲಿ ಸೂಕ್ಷ್ಮದರ್ಶಕದಲ್ಲಾಗಲಿ ಆ ಹಾದಿಗಳು ಇದುವರೆಗೆ ಕಂಡಿಲ್ಲವೆಂಬುದನ್ನೂ ಹೇಳಬೇಕು.

ಇದು ನಮ್ಮ ಸುಶ್ರುತನ ಮರ್ಮವಿದ್ಯೆಯೇ, ಚೀನಾಕ್ಕೆ ಹೋಗಿ ವೇಷ ಬದಲಿಸಿತು ಎಂದು ವಾದಿಸುವ ಅಭಿಮಾನಿಗಳೂ ನಮ್ಮಲ್ಲಿದ್ದಾರೆ. ಸುಶ್ರುತ ಎಣಿಸಿದ ಮರ್ಮಗಳು 107. ಅವು ಪೆಟ್ಟು ಬಿದ್ದರೆ ಪ್ರಾಣಕ್ಕೆ, ಅಂಗಕ್ಕೆ ಅಪಾಯ ತರುವ ಸ್ಥಾನಗಳು. ಶಸ್ತ್ರ ಹಿಡಿದವನು ಕಾಪಾಡಬೇಕಾದ ಎಡೆಗಳು. ಚುಚ್ಚಬಾರದೆಂದು ಅವನು ಹೇಳಿದ್ದನ್ನು ಚುಚ್ಚಬೇಕೆಂಬುದಕ್ಕೆ ಆಧಾರ ಮಾಡಿಕೊಂಡರೆ ಆ ಮಹಾವೈದ್ಯನಿಗೆ ಅಪಚಾರವಾದೀತು.

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಚೀನಾದಲ್ಲಿಯೂ ನಿಜವಾಯಿತೆಂಬುದು ಈ ಕಥೆಯ ವಿನೋದ. 1822ರಲ್ಲಿ ದಾವ್‌ಗುವಾಂಗ್ ಚಕ್ರವರ್ತಿಯ ಆಳ್ವಿಕೆ ಅರಮನೆಯ ವೈದ್ಯಶಾಲೆಯಿಂದ ಸೂಜಿಯನ್ನು ಹೊರಹಾಕಿತು. 1929ರಲ್ಲಿ ಅಲ್ಲಿನ ಸರ್ಕಾರದ ಮುಂದೆ ದೇಶೀಯ ವೈದ್ಯವನ್ನೇ ತೊಡೆದುಹಾಕುವ ಸಲಹೆ ಬಂದಿತು. ವೈದ್ಯರೆಲ್ಲ ಒಂದಾಗಿ ಪ್ರತಿಭಟಿಸಿದ್ದರಿಂದ ಅದು ಜಾರಿಗೆ ಬರಲಿಲ್ಲ. 1949ರ ಕ್ರಾಂತಿಯಾದ ಮೇಲೆ, ಅಪಾರ ಜನಸಂಖ್ಯೆಗೆ ಬೆರಳೆಣಿಕೆಯ ಡಾಕ್ಟರುಗಳಿದ್ದ ಕಾಲದಲ್ಲಿ, ಹೊಸ ಸರ್ಕಾರ ಹಳೆಯ ವೈದ್ಯವನ್ನು ಮತ್ತೆ ಎತ್ತಿ ಹಿಡಿಯಿತು. 1971ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಜೇಮ್ಸ್ ರೆಸ್ಟನ್ ಪೀಕಿಂಗಿನಲ್ಲಿದ್ದಾಗ ಅವರಿಗೆ ಅಪೆಂಡಿಕ್ಸಿನ ಶಸ್ತ್ರಚಿಕಿತ್ಸೆಯಾಯಿತು. ಸೂಜಿಯಿಂದಲೇ ಅರಿವಳಿಕೆ ಕೊಟ್ಟು ಹೊಟ್ಟೆ ಕೊಯ್ದರೆಂಬ ಕಥೆ ಇಂದಿಗೂ ಬಾಯಿಂದ ಬಾಯಿಗೆ ಹರಿದಾಡುತ್ತಿದೆ. ರೆಸ್ಟನ್ ಸ್ವತಃ ಬರೆದದ್ದು ಬೇರೆ: ಕೊಯ್ದದ್ದು ಸಾಮಾನ್ಯ ಅರಿವಳಿಕೆಯ ಚುಚ್ಚುಮದ್ದು ಕೊಟ್ಟೇ, ಸೂಜಿ ಬಂದದ್ದು ಮರುದಿನ ರಾತ್ರಿ, ಹೊಟ್ಟೆಯುಬ್ಬರದ ನೋವಿಗೆ. ಬಲಮೊಣಕೈಗೆ ಒಂದು, ಮಂಡಿಗಳ ಕೆಳಗೆ ಎರಡು, ಇಪ್ಪತ್ತು ನಿಮಿಷ. ಗಂಟೆಯೊಳಗೆ ನೋವು ಇಳಿಯಿತು. ನಡೆದದ್ದು ಒಂದಾದರೆ ಹಬ್ಬಿದ್ದು ಇನ್ನೊಂದು. ಆ ವರ್ಷಗಳಲ್ಲಿ ವಿದೇಶೀ ಅತಿಥಿಗಳಿಗೆ ತೋರಿಸುತ್ತಿದ್ದ ‘ಸೂಜಿ ಅರಿವಳಿಕೆ’ಯ ಶಸ್ತ್ರಚಿಕಿತ್ಸೆಗಳಲ್ಲಿಯೂ ರೋಗಿಗಳನ್ನು ಆರಿಸಿ ತೆಗೆಯುತ್ತಿದ್ದರು, ನೋವಡಗಿಸುವ ಔಷಧಗಳನ್ನೂ ಜೊತೆಗೆ ಕೊಡುತ್ತಿದ್ದರು ಎಂಬುದು ಆಮೇಲೆ ತಿಳಿಯಿತು.

ನಮ್ಮ ದೇಶಕ್ಕೆ ಈ ಸೂಜಿ ಬಂದ ದಾರಿ ಮಾತ್ರ ನೆನೆಯತಕ್ಕದ್ದು. ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ 1938ರಲ್ಲಿ ಕಾಂಗ್ರೆಸ್ಸು ಕಳುಹಿಸಿದ ಐವರು ವೈದ್ಯರ ತಂಡದಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನೀಸರಿದ್ದರು. 1942ರಲ್ಲಿ ಅವರು ಅಲ್ಲಿಯೇ ತೀರಿಕೊಂಡರು. ಅದೇ ತಂಡದ ಬಿಜಯಕುಮಾರ ಬಸು ಹಿಂದಿರುಗಿದರು; ಸುಮಾರು ಒಂದೂವರೆ ದಶಕದ ಮೇಲೆ ಮತ್ತೆ ಚೀನಾಕ್ಕೆ ಹೋಗಿ ಈ ವಿದ್ಯೆಯನ್ನು ಕಲಿತು ಕಲ್ಕತ್ತೆಯಲ್ಲಿ ಬಳಕೆಗೆ ತಂದರು. ಪಶ್ಚಿಮ ಬಂಗಾಳ 1996ರಲ್ಲಿ ಇದಕ್ಕೆಂದೇ ಕಾನೂನು ಮಾಡಿತು; 2003ರಲ್ಲಿ ಕೇಂದ್ರ ಸರ್ಕಾರ ಚಿಕಿತ್ಸೆಯ ಒಂದು ವಿಧಾನವೆಂದು ಇದನ್ನು ಒಪ್ಪಿತು.

ಈಗ ಮುಖ್ಯ ಪ್ರಶ್ನೆ: ಸೂಜಿಯಿಂದ ಗುಣವುಂಟೆ? ಉಂಟು. 1970ರ ದಶಕದ ಪ್ರಯೋಗಗಳಲ್ಲಿ, ಸೂಜಿಯಿಂದ ನೋವು ಶಮನವಾಗುವಾಗ ದೇಹವು ತಾನೇ ಅಫೀಮಿನಂಥ ದ್ರವ್ಯಗಳನ್ನು ಸ್ರವಿಸುವುದರ ಸೂಚನೆ ದೊರೆಯಿತು. ಅಫೀಮಿನ ಪ್ರಭಾವವನ್ನು ತಡೆಯುವ ನಲೊಕ್ಸೋನ್ ಎಂಬ ಔಷಧ ಕೊಟ್ಟರೆ ಸೂಜಿಯ ಉಪಶಮನವೂ ಕುಗ್ಗಿತು. 1997ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ, ಶಸ್ತ್ರಚಿಕಿತ್ಸೆಯ ನಂತರದ ಮತ್ತು ಕ್ಯಾನ್ಸರ್ ಔಷಧದಿಂದಾಗುವ ವಾಕರಿಕೆ ವಾಂತಿಗಳಿಗೆ, ಹಲ್ಲು ಕಿತ್ತ ನಂತರದ ನೋವಿಗೆ ಇದು ಪ್ರಯೋಜನಕರವೆಂದು ಹೇಳಿತು. ವಾಕರಿಕೆಗೆ ಸಲ್ಲುವ ಬಿಂದು ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ, ಒಳಮುಂಗೈಯ ಎರಡು ಸ್ನಾಯುರಜ್ಜುಗಳ ನಡುವೆ ಇದೆ. ಅಲ್ಲಿ ಹೆಬ್ಬೆರಳಿನಿಂದ ಒತ್ತಿದರೂ ಉಪಯೋಗವುಂಟು.

ಇದಕ್ಕಿಂತ ಬೋಧಪ್ರದವಾದದ್ದು ಜರ್ಮನಿಯ ಪರೀಕ್ಷೆ. 2007ರಲ್ಲಿ ಪ್ರಕಟವಾದ ಅದರಲ್ಲಿ ಬಹುಕಾಲದ ಸೊಂಟನೋವಿನ 1162 ರೋಗಿಗಳನ್ನು ಚೀಟಿಯೆತ್ತಿದಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಶಾಸ್ತ್ರೋಕ್ತ ಬಿಂದುಗಳಲ್ಲಿ ಸೂಜಿ. ಎರಡನೆಯದಕ್ಕೆ ಬಿಂದುಗಳಲ್ಲದ ಕಡೆ ಮೇಲುಮೇಲೆ ಚುಚ್ಚಿದ ಹುಸಿ ಸೂಜಿ. ಮೂರನೆಯದಕ್ಕೆ ಮಾತ್ರೆ, ಅಂಗಸಾಧನೆ ಮೊದಲಾದ ವಾಡಿಕೆಯ ಚಿಕಿತ್ಸೆ. ಆರು ತಿಂಗಳ ಮೇಲೆ ನೋಡಿದರೆ ಗುಣ ಕಂಡವರು ಕ್ರಮವಾಗಿ ನೂರಕ್ಕೆ 47.6, 44.2 ಮತ್ತು 27.4. ವಾಚಕರು ಈ ಮೂರು ಅಂಕಿಗಳನ್ನು ಕೊಂಚ ಹೊತ್ತು ದಿಟ್ಟಿಸಬೇಕು. ಮೊದಲ ಎರಡರ ಅಂತರ ತೀರ ಕಡಮೆ. ಆ ಎರಡಕ್ಕೂ ಮೂರನೆಯದಕ್ಕೂ ಇರುವ ಅಂತರ ಬಹಳ ದೊಡ್ಡದು. ಮುಂದೆ 2018ರಲ್ಲಿ 39 ಪರೀಕ್ಷೆಗಳ 20,827 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಕಂಡದ್ದು ಇದೇ ಜಾತಿಯ ಚಿತ್ರ: ನಿಜವಾದ ಸೂಜಿ ಹುಸಿ ಸೂಜಿಗಿಂತ ಮೇಲು, ಆದರೆ ಸ್ವಲ್ಪವೇ ಮೇಲು, ಸೂಜಿಯೇ ಇಲ್ಲದ್ದಕ್ಕಿಂತ ಸಾಕಷ್ಟು ಮೇಲು, ಗುಣದ ಬಹುಭಾಗ ವರ್ಷದ ಮೇಲೂ ಉಳಿದಿತ್ತು.

ಇದೇ ಅಂಕಿಗಳನ್ನು ಹಿಡಿದು ಭಕ್ತರು ‘ಗೆದ್ದೆವು’ ಎನ್ನುತ್ತಾರೆ, ಸಂಶಯವಾದಿಗಳು ‘ಬಯಲಾಯಿತು’ ಎನ್ನುತ್ತಾರೆ. ತಜ್ಞರ ಮಂಡಲಿಗಳೂ ತೂಗುಯ್ಯಾಲೆಯಲ್ಲಿವೆ: ಇಂಗ್ಲೆಂಡಿನ ನೈಸ್ ಎಂಬ ಸಂಸ್ಥೆ 2009ರಲ್ಲಿ ಸೊಂಟನೋವಿಗೆ ಸೂಜಿಯನ್ನು ಸೂಚಿಸಿ, 2016ರಲ್ಲಿ ಹಿಂತೆಗೆದುಕೊಂಡು, 2021ರಲ್ಲಿ ಬೇರೆ ಕಾರಣ ಕಾಣದ ದೀರ್ಘಕಾಲದ ನೋವಿಗೆ ಪರಿಗಣಿಸಬಹುದೆಂದಿತು. ಅಮೆರಿಕದಲ್ಲಿ ವೃದ್ಧರ ಸರ್ಕಾರೀ ವಿಮೆಯು 2020ರಲ್ಲಿ ಬಹುಕಾಲದ ಸೊಂಟನೋವಿಗೆ ಇದರ ಖರ್ಚು ಕೊಡಲು ಒಪ್ಪಿತು.

ನನಗೆ ತೋರುವುದು ಹೀಗೆ. ಬಿಂದುಗಳ ಶಾಸ್ತ್ರ ಹೇಳುವಷ್ಟು ನಿಖರತೆಗೆ ಆಧಾರವಿಲ್ಲ; ಆದರೆ ನೋವು ಕಡಮೆಯಾದದ್ದು ಸುಳ್ಳಲ್ಲ. ಹುಸಿ ಸೂಜಿಯ ಗುಂಪಿನವರಿಗೂ ಒಂದು ವಸ್ತು ದೊರೆತಿತ್ತು. ಅದು ಮೂರನೆಯ ಗುಂಪಿಗೆ ಅಷ್ಟು ದೊರೆಯಲಿಲ್ಲ. ಒಬ್ಬ ವೈದ್ಯ ಅವರನ್ನು ಮಲಗಿಸಿ, ಎಲ್ಲಿ ನೋವೆಂದು ಕೇಳಿ, ಮೈಮುಟ್ಟಿ ನೋಡಿ, ಸೂಜಿಯಿಟ್ಟು, ಪ್ರತಿ ಸಲವೂ ಅರ್ಧ ಗಂಟೆಯನ್ನು ಅವರಿಗಾಗಿಯೇ ಮೀಸಲಿಟ್ಟಿದ್ದ. ಒಂದೆರಡು ಸಲವಲ್ಲ, ಹತ್ತು ಸಲ. ಗುಣವಾದೀತೆಂಬ ನಿರೀಕ್ಷೆಯೂ ಅದರೊಡನೆ ಕೂಡಿಕೊಂಡಿತು. ನಮ್ಮ ದೊಡ್ಡಾಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಮಂಡಿನೋವಿನ ಮುದುಕಿಯೊಬ್ಬಳಿಗೆ ಎಷ್ಟು ಹೊತ್ತು ಸಿಕ್ಕೀತು? ಬೆಳಗಿನಿಂದ ಸಾಲಿನಲ್ಲಿ ಕುಳಿತವಳು ಡಾಕ್ಟರ ಮುಂದೆ ಬಾಯಿ ತೆರೆಯುವಷ್ಟರಲ್ಲಿ ಚೀಟಿ ಕೈಗೆ ಬಂದಿರುತ್ತದೆ. ಡಾಕ್ಟರನ್ನು ದೂರಿ ಫಲವಿಲ್ಲ; ಅವನ ಹಿಂದೆ ಇನ್ನೂ ನೂರು ಮಂದಿಯ ಸಾಲಿದೆ. ಆದರೆ ಆ ಚೀಟಿಯ ನೋವಿನ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರೆ ಜಠರಕ್ಕೂ ಮೂತ್ರಪಿಂಡಕ್ಕೂ ಕೇಡು ತಟ್ಟಬಹುದೆಂಬುದನ್ನು ವೈದ್ಯರೇ ಬಲ್ಲರು. ಅಂಥವಳು ಸೂಜಿಯ ಬಳಿಗೆ ಹೋಗಿ, ಮಾತ್ರೆಯನ್ನು ವಾರಕ್ಕೆ ಎರಡಕ್ಕೆ ಇಳಿಸಿಕೊಂಡಳೆಂದರೆ ನಗುವುದಕ್ಕೆ ನಾವು ಯಾರು? ಹಾಗೆಂದ ಮಾತ್ರಕ್ಕೆ ಹುಸಿ ಚುಚ್ಚುವಿಕೆಯನ್ನೇ ವೃತ್ತಿ ಮಾಡಿಕೊಳ್ಳಲೆಂದು ನಾನು ಹೇಳುತ್ತಿಲ್ಲ. ರೋಗಿಗೆ ವೈದ್ಯನ ಸಮಯವೂ ಸ್ಪರ್ಶವೂ ಔಷಧವೆಂಬ ಪಾಠವನ್ನು ನಮ್ಮ ಆಸ್ಪತ್ರೆಗಳು ಈ ಸೂಜಿಯಿಂದ ಕಲಿಯಬೇಕು ಎನ್ನುತ್ತೇನೆ.

ಅಷ್ಟೇ ಗಟ್ಟಿಯಾಗಿ ಇನ್ನೊಂದು ಮಾತನ್ನೂ ಹೇಳಬೇಕು. ನೋವು ಕಡಮೆ ಮಾಡುವುದು ಬೇರೆ, ರೋಗವನ್ನು ತೆಗೆಯುವುದು ಬೇರೆ. ಕ್ಷಯದ ಕ್ರಿಮಿ ಸೂಜಿಗೆ ಹೆದರುವುದಿಲ್ಲ. ಇನ್ಸುಲಿನ್ ಇಲ್ಲದೆ ಬದುಕಲಾರದ ಮಗುವಿಗೆ ಸೂಜಿ ಚಿಕಿತ್ಸೆಯನ್ನು ನಂಬಿ ಇನ್ಸುಲಿನ್ ನಿಲ್ಲಿಸಿದರೆ ಮಗು ಉಳಿಯದು. ಎದೆಯಲ್ಲಿ ಕಾಣಿಸಿದ ಗಂಟನ್ನು ಆರು ತಿಂಗಳು ಸೂಜಿಯಿಂದ ಸಂತೈಸಿದರೆ, ಆ ಆರು ತಿಂಗಳು ಕ್ಯಾನ್ಸರಿಗೆ ಸಲ್ಲುತ್ತದೆ. ಸೂಜಿ ತಾನಾಗಿ ಕೊಲ್ಲುವುದು ಬಹು ಅಪರೂಪ. ಅದರ ಹೆಸರಿನಲ್ಲಿ ಕಳೆದುಹೋದ ಕಾಲವೇ ಹೆಚ್ಚಿನ ಅಪಾಯ. ಸೂಜಿಯ ನೇರ ಅಪಾಯಗಳೂ ಇಲ್ಲದಿಲ್ಲ. ಒಬ್ಬರಿಗೆ ಚುಚ್ಚಿದ್ದನ್ನು ಶುದ್ಧಿ ಮಾಡದೆ ಇನ್ನೊಬ್ಬರಿಗೆ ಚುಚ್ಚಿ ಯಕೃತ್ತಿನ ಸೋಂಕು ಹರಡಿದ ಪ್ರಸಂಗಗಳಿವೆ. ಎದೆಯ ಭಾಗದಲ್ಲಿ ಆಳವಾಗಿ ಹೋದ ಸೂಜಿ ಶ್ವಾಸಕೋಶವನ್ನು ತೂತುಮಾಡಿದ ಪ್ರಸಂಗಗಳಿವೆ. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರು ಅದನ್ನು ಮೊದಲೇ ತಿಳಿಸಬೇಕು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಸೂಜಿಗೆ ವಿದ್ಯುತ್ತು ಹರಿಸುವ ವಿಧಾನದಿಂದ ದೂರವಿರಬೇಕು.

ಆದಕಾರಣ ಸೂಜಿಯ ಬಾಗಿಲಿಗೆ ಹೋಗುವವರು ಮೂರು ಸಂಗತಿಗಳನ್ನು ಗಮನಿಸಿದರೆ ಸಾಕು. ಹೋಗುವ ಮುನ್ನ ನೋವಿನ ಕಾರಣವನ್ನು ಡಾಕ್ಟರಿಂದ ತಿಳಿದುಕೊಂಡಿರಬೇಕು. ಸೂಜಿಯ ಪೊಟ್ಟಣವನ್ನು ಕಣ್ಣೆದುರೇ ಒಡೆದು, ಬಳಸಿ, ಎಸೆಯಬೇಕು. ಎಂಟು ಹತ್ತು ಸಲವಾದ ಮೇಲೂ ಗುಣ ಕಾಣದಿದ್ದರೆ ಹಣವನ್ನೂ ಆಸೆಯನ್ನೂ ಉಳಿಸಿಕೊಂಡು ಹಿಂದಿರುಗಬೇಕು. ‘ನಿಮ್ಮ ಮಾತ್ರೆಗಳನ್ನೆಲ್ಲ ನಿಲ್ಲಿಸಿ’ ಎಂದು ಮೊದಲ ದಿನವೇ ಹೇಳುವವನ ಮನೆಯ ಮೆಟ್ಟಿಲನ್ನು ಅಂದೇ ಇಳಿಯುವುದು ಮೇಲು. ‘ಇದು ನನ್ನಿಂದಾದೀತು, ಅದು ಆಗದು, ಅದಕ್ಕೆ ಆಸ್ಪತ್ರೆಗೆ ಹೋಗಿ’ ಎನ್ನುವವನು ಸಿಕ್ಕಿದರೆ, ಅವನ ಶಾಸ್ತ್ರ ಯಾವ ದೇಶದ್ದಾದರೂ ಆಗಲಿ, ಅವನನ್ನು ವೈದ್ಯನೆಂದು ಕರೆಯಲು ನನಗೆ ಸಂಕೋಚವಿಲ್ಲ. ಫಲಕದ ಪಟ್ಟಿ ಎಷ್ಟು ಮೊಟಕಾದರೆ ಅಷ್ಟರಮಟ್ಟಿಗೆ ಸೂಜಿಯ ಗೌರವ ಹೆಚ್ಚುತ್ತದೆಂದು ಆ ವಿದ್ಯೆಯ ಹಿತೈಷಿಗಳಾದರೂ ತಿಳಿದುಕೊಂಡಾರೆಂದು ಹಾರೈಸೋಣ.